ಬಿಸಿಲಿಗೆ ಅಂಜುವ ಗಿಡ



ಕಾಫಿಯ ಗಿಡ ಮೂಲತಃ ಬಯಲಿನ ಗಿಡವಲ್ಲ. ಇಥಿಯೋಪಿಯಾದ ಎತ್ತರದ ಕಾಡುಗಳಲ್ಲಿ, ಹೆಮ್ಮರಗಳ ಕೊಂಬೆಗಳ ನಡುವಿನಿಂದ ಸೋಸಿಕೊಂಡು ಇಳಿಯುವ ಬೆಳಕಿನಲ್ಲಿ, ಅದು ತಲೆತಲಾಂತರಗಳಿಂದ ಬೆಳೆದು ಬಂದಿತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ನಿನ ಮೋಕಾ ಬಂದರಿನಿಂದ ಏಳು ಬೀಜಗಳನ್ನು ಬಚ್ಚಿಟ್ಟುಕೊಂಡು ಬಂದು ಚಿಕ್ಕಮಗಳೂರಿನ ಗಿರಿಯ ಮೇಲೆ ಬಿತ್ತಿದರೆಂದು ಪ್ರತೀತಿ. ಕಾಫಿ ಇಂದು ಕರ್ನಾಟಕದ ಮೂರು ಜಿಲ್ಲೆಗಳ ಬೆಟ್ಟಗಳನ್ನು ತುಂಬಿದೆ. ಭಾರತದ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ನಮ್ಮ ರಾಜ್ಯದ್ದು. ಆದರೆ ಇಷ್ಟು ದೂರ ಬಂದರೂ ಗಿಡ ತನ್ನ ತವರಿನ ಸ್ವಭಾವವನ್ನು ಬಿಟ್ಟಿಲ್ಲ. ಅದಕ್ಕೆ ನೆರಳು ಬೇಕು. ಹಾಲುವಾಣ, ಹಲಸು, ಅತ್ತಿ, ಸಿಲ್ವರ್ ಓಕ್ ಮರಗಳ ಚಪ್ಪರವೊಂದು ಅದರ ತಲೆಯ ಮೇಲಿರಬೇಕು. ಚಪ್ಪರ ಬಹಳ ದಟ್ಟವಾದರೆ ಫಸಲಿಲ್ಲ, ತೀರ ತೆಳುವಾದರೆ ಗಿಡವೇ ಉಳಿಯದು. ಇದನ್ನು ಹದದಲ್ಲಿಡುವುದಕ್ಕಾಗಿಯೇ ಮಲೆನಾಡಿನಲ್ಲಿ ಮರಗಸಿ ಎಂಬ ಕೆಲಸವುಂಟು. ಮರವೇರಿ ಕೊಂಬೆ ಕಡಿದು, ಎಷ್ಟು ಬಿಸಿಲು ಒಳಗೆ ಬರಬೇಕೆಂಬುದನ್ನು ಕತ್ತಿಯಿಂದ ನಿರ್ಣಯಿಸುವ ಕೆಲಸ ಅದು. ನನ್ನ ಮಟ್ಟಿಗೆ ಅದು ಒಂದು ಶಾಸ್ತ್ರವೇ.

ನೆರಳು ತಪ್ಪಿದರೆ ಏನಾಗುತ್ತದೆ? ಎಲೆ ಹಳದಿಗೆ ತಿರುಗಿ, ಅಂಚು ಸುಟ್ಟು, ಉದುರುತ್ತದೆ. ಅದಕ್ಕಿಂತ ದೊಡ್ಡ ಕೇಡು ಬಿಳಿ ಕಾಂಡಕೊರಕದ್ದು. ಈ ದುಂಬಿಗೆ ಬಿಸಿಲು ಬಿದ್ದ ಕಾಂಡವೆಂದರೆ ಬಲು ಪ್ರೀತಿ. ಅರೇಬಿಕಾ ಗಿಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆಗೆಂದು 1925ರಲ್ಲಿ ಕೇಂದ್ರವೊಂದು ಸ್ಥಾಪಿತವಾಯಿತಷ್ಟೆ. ಅಂದಿನಿಂದ ಇಂದಿನವರೆಗೂ ಬೆಳೆಗಾರರಿಗೆ ದೊರೆಯುತ್ತಿರುವ ಬುದ್ಧಿವಾದಗಳಲ್ಲಿ, ತೋಟದ ನೆರಳನ್ನು ಕಾಪಾಡಿಕೊಳ್ಳಿ ಎಂಬುದು ಅತ್ಯಂತ ಹಳೆಯದು.

ಇದನ್ನೆಲ್ಲ ಹೇಳುವುದಕ್ಕೆ ನಾನು ಕೊಡಗಿನವನೂ ಅಲ್ಲ, ಚಿಕ್ಕಮಗಳೂರಿನವನೂ ಅಲ್ಲ. ನನ್ನ ಊರು ರಾಯಬಾಗ ತಾಲೂಕಿನ ದಿಗ್ಗೇವಾಡಿ. ಕೃಷ್ಣೆಯ ದಂಡೆ, ಕಣ್ಣು ಹಾಯುವಷ್ಟು ದೂರ ಕಬ್ಬು. ನಮ್ಮಲ್ಲಿ ಅತಿಥಿ ಬಂದರೆ ಕೊಡುವುದು ಚಹಾ. ಕಾಫಿ ಎಂಬುದು ಬೆಂಗಳೂರಿನ ಕಡೆಯವರು ಕುಡಿಯುವ ಪದಾರ್ಥವೆಂದೇ ನನ್ನ ಬಾಲ್ಯದ ತಿಳಿವಳಿಕೆ. ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿ ಈಗ ಊರಲ್ಲೇ ನೆಲಸಿದ್ದೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು, ದಿನವಿಡೀ ಕಬ್ಬಿನ ಹೊಲದಲ್ಲಿ ದುಡಿಯುವವಳು, ನನ್ನನ್ನು ತಡೆದು ಕೇಳಿದಳು: “ಮಾಸ್ತರ, ಕಾಫಿ ಕುಡದರ ಮೈಗೆ ಬಿಸಲ ಹತ್ತೂದಿಲ್ಲಂತ, ಖರೇ ಏನ್ರಿ? ನಮ್ಮ ಹುಡುಗಿ ಫೋನಿನ್ಯಾಗ ನೋಡ್ಯಾಳ. ಮಾರೀಗೆ ಹಚ್ಚಿಕೊಳ್ಳೋ ಕಾಫಿ ಕ್ರೀಮೂ ಬಂದೈತಂತ.” ಅವಳ ಎರಡೂ ಕೆನ್ನೆಗಳ ಮೇಲೆ ಬಂಗು ಹರಡಿತ್ತು. “ತಡಿಯವ್ವ, ಓದಿ ನೋಡಿ ಹೇಳ್ತೀನಿ” ಎಂದೆ. ಓದಿ ನೋಡಿದ್ದರ ಫಲ ಈ ಭಾಷಣ.

ಮೊದಲು ಬಿಸಿಲಿನ ಮಾತು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಏಳು ಬಣ್ಣಗಳಾಚೆ, ನೇರಳೆಗಿಂತ ಗಿಡ್ಡ ಅಲೆಯ ಕಿರಣಗಳಿವೆ. ಇವೇ ಅತಿನೇರಳೆ ಕಿರಣಗಳು. ಅವುಗಳಲ್ಲಿ 315ರಿಂದ 400 ನ್ಯಾನೊಮೀಟರಿನವರೆಗಿನದು ‘ಎ’ ವರ್ಗ, 280ರಿಂದ 315ರವರೆಗಿನದು ‘ಬಿ’ ವರ್ಗ. ‘ಎ’ ಕಿರಣ ಚರ್ಮದಲ್ಲಿ ಆಳಕ್ಕೆ ಇಳಿದು ಸುಕ್ಕು ತರುತ್ತದೆ, ಕಪ್ಪು ಕಲೆಗಳನ್ನು ಹೆಚ್ಚಿಸುತ್ತದೆ. ‘ಬಿ’ ಕಿರಣ ಮೇಲೆಯೇ ನಿಂತು ಸುಡುತ್ತದೆ; ಜೀವಕೋಶದ ಡಿ.ಎನ್.ಎ. ಎಂಬ ಎಳೆಯಲ್ಲಿ ಅಕ್ಕಪಕ್ಕದ ಎರಡು ಮಣಿಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಎಳೆಯನ್ನು ಓದಿಕೊಂಡು ನಡೆಯಬೇಕಾದ ಕೋಶ ಅಲ್ಲಿ ಎಡವುತ್ತದೆ. ಬಹುಪಾಲು ಎಡವುಗಳನ್ನು ಕೋಶ ತಾನೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದ ಒಂದೆರಡು, ವರ್ಷಗಳ ಮೇಲೆ, ಅರ್ಬುದವಾಗಬಹುದು.

ಗಿಡಗಳಿಗೂ ಈ ಕಿರಣಗಳ ಬಾಧೆ ತಪ್ಪಿದ್ದಲ್ಲ. ನಾವಾದರೋ ನೆರಳಿಗೆ ಓಡುತ್ತೇವೆ, ಗಿಡ ಓಡಲಾರದು. ಆದ್ದರಿಂದ ಅದು ಕೊಡೆಯನ್ನು ತನ್ನ ಮೈಯಲ್ಲೇ ಹೆಣೆದುಕೊಂಡಿದೆ. ಎಲೆಯ ಮೇಲ್ಪದರದ ಕೋಶಗಳಲ್ಲಿ ಫೀನಾಲ್ ಜಾತಿಯ ದ್ರವ್ಯಗಳನ್ನು ತುಂಬಿಕೊಳ್ಳುತ್ತದೆ. ಇವು ಹಸಿರನ್ನು ಬೆಳೆಸುವ ಬೆಳಕನ್ನು ಒಳಗೆ ಬಿಟ್ಟು, ಸುಡುವ ಅತಿನೇರಳೆಯನ್ನು ಮಾತ್ರ ಬಾಗಿಲಲ್ಲೇ ತಡೆಯುತ್ತವೆ. ಕಾಫಿಯ ಗಿಡದಲ್ಲಿ ಈ ವಂಶದ ಹಿರಿಯ ಸದಸ್ಯ ಕ್ಲೋರೋಜೆನಿಕ್ ಆಮ್ಲ. ಹೆಸರು ಕೇಳಿ ಕ್ಲೋರಿನ್ ಇದೆಯೆಂದು ಭಾವಿಸಬೇಡಿ, ಅದರ ಗಂಧವೂ ಇದರಲ್ಲಿಲ್ಲ. ಗಾಳಿ ತಾಗಿದಾಗ ಹಸಿರು ಬಣ್ಣ ತಾಳುತ್ತದೆಂದು, ಗ್ರೀಕಿನಲ್ಲಿ ಹಸಿರಿಗೆ ಇರುವ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ರಸಾಯನಜ್ಞರು ಇದಕ್ಕೆ ಇಟ್ಟರು. 325 ನ್ಯಾನೊಮೀಟರಿನ ಆಸುಪಾಸಿನ ಕಿರಣಗಳನ್ನು ಇದು ಅತ್ಯಂತ ಚೆನ್ನಾಗಿ ಹೀರುತ್ತದೆ. ಎಂದರೆ ‘ಎ’ ಮತ್ತು ‘ಬಿ’ ವರ್ಗಗಳ ಗಡಿಯ ಮೇಲೆಯೇ ಕಾವಲು ಕೂತಂತೆ. ಗಡಿನಾಡಿನವನಾದ ನನಗೆ ಇದು ವಿಶೇಷ ಸಂತೋಷ ಕೊಟ್ಟ ಸಂಗತಿ.

ಅರೇಬಿಕಾದ ಎಲೆಯಲ್ಲಿ ಇನ್ನೊಂದು ದ್ರವ್ಯವೂ ಇದೆ: ಮ್ಯಾಂಗಿಫೆರಿನ್. ಹೆಸರೇ ಹೇಳುವಂತೆ ಇದು ಮಾವಿನ ದ್ರವ್ಯ. ನಾವು ಹಬ್ಬಕ್ಕೆ ತೋರಣ ಕಟ್ಟುವ ಎಲೆಯಲ್ಲಿರುವುದೇ ಕಾಫಿಯ ಎಲೆಯಲ್ಲೂ ಇದೆಯೆಂದು ಲಂಡನ್ನಿನ ಕ್ಯೂ ಉದ್ಯಾನದ ಮತ್ತು ಫ್ರಾನ್ಸಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಇಥಿಯೋಪಿಯಾದಲ್ಲಿಯೂ ಸುಮಾತ್ರಾದಲ್ಲಿಯೂ ಕಾಫಿಯ ಎಲೆಯನ್ನು ಕುದಿಸಿ ಕುಡಿಯುವ ರೂಢಿ ಹಳೆಯದು. ನಮ್ಮ ಮಲೆನಾಡಿನಲ್ಲಿ ಮಾತ್ರ ಎಲೆ ಬಿದ್ದ ನೆಲಕ್ಕೇ ಸಲ್ಲುತ್ತದೆ.

ಇನ್ನು ಎಲ್ಲರೂ ಬಲ್ಲ ಕೆಫೀನ್. ಇದನ್ನು ಮೊದಲು ಬೇರ್ಪಡಿಸಿದ ಕತೆಯಲ್ಲಿ ಸಾಹಿತ್ಯದ ಕೈಯೂ ಉಂಟು. 1819ರಲ್ಲಿ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ ಎಂಬ ತರುಣ ರಸಾಯನಜ್ಞ ಯೇನಾ ನಗರದಲ್ಲಿ ಮಹಾಕವಿ ಗಯಟೆಯನ್ನು ಕಂಡು, ಬೆಲ್ಲಡೋನ ಗಿಡದ ರಸವನ್ನು ಬೆಕ್ಕಿನ ಕಣ್ಣಿಗೆ ಹಾಕಿ ಪಾಪೆ ಅರಳುವುದನ್ನು ತೋರಿಸಿದ. ಕವಿ ಮೆಚ್ಚಿ, ಆ ಕಾಲಕ್ಕೆ ದುರ್ಲಭವಾಗಿದ್ದ ಕಾಫಿ ಬೀಜಗಳನ್ನು ಕೊಟ್ಟು, ಇದನ್ನೂ ಪರೀಕ್ಷಿಸು ಎಂದರಂತೆ. ಆ ಬೀಜಗಳಿಂದ ಹೊರಟದ್ದು ಕೆಫೀನ್. ಫೌಸ್ಟ್ ನಾಟಕ ಬರೆದ ಕೈ ಒಬ್ಬ ವಿದ್ಯಾರ್ಥಿಗೆ ಬೀಜ ದಾನ ಮಾಡಿದ್ದರಿಂದ ಒಂದು ವಿಜ್ಞಾನವೇ ಚಿಗುರಿತು.

ಕೆಫೀನ್ ಬಿಸಿಲಿಗೆ ಅಡ್ಡ ನಿಲ್ಲುವ ದ್ರವ್ಯವಲ್ಲ. ಅದು ಹೀರುವ ಕಿರಣಗಳು ಬಹುಮಟ್ಟಿಗೆ ಭೂಮಿಯನ್ನೇ ಮುಟ್ಟದಂಥವು. ಅದರ ಕೆಲಸ ಬೇರೆ. ಏಟು ತಿಂದ ಜೀವಕೋಶ ತನ್ನ ಬೆಳವಣಿಗೆಯನ್ನು ನಿಲ್ಲಿಸಿ, ದುರಸ್ತಿ ಮಾಡಿಕೊಂಡು, ಮತ್ತೆ ಮುಂದುವರಿಯುವುದಕ್ಕೆ ಒಂದು ಪ್ರೋಟೀನು ಅವಕಾಶ ಕಲ್ಪಿಸುತ್ತದೆ. ಕೆಫೀನ್ ಆ ಪ್ರೋಟೀನಿನ ಕೈ ಕಟ್ಟುತ್ತದೆ. ಆಗ ತೀವ್ರವಾಗಿ ಕೆಟ್ಟ ಕೋಶ ಅರೆಬರೆ ದುರಸ್ತಿಯಲ್ಲಿ ಬದುಕಿ ಉಳಿಯುವುದರ ಬದಲು ಸತ್ತು ಉದುರುತ್ತದೆ. ಕೆಟ್ಟುಹೋದ ಬೀಜವನ್ನು ಬಿತ್ತನೆಯ ಚೀಲದಿಂದ ಆರಿಸಿ ಎಸೆದ ಹಾಗೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅಲನ್ ಕಾನಿಯವರೂ ಸಂಗಡಿಗರೂ ಕೂದಲಿಲ್ಲದ ಇಲಿಗಳನ್ನು ‘ಬಿ’ ಕಿರಣಕ್ಕೊಡ್ಡಿ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅವರು ಹೊರಟದ್ದು ಕಾಫಿಯಿಂದಲ್ಲ, ಚಹಾದಿಂದ! 1997ರಲ್ಲಿ ಅವರು ತೋರಿಸಿದ್ದಿಷ್ಟು: ಚಹಾ ಕುಡಿಸಿದ ಇಲಿಗಳಲ್ಲಿ ಚರ್ಮದ ಗಂಟುಗಳು ಕಡಿಮೆ, ಕೆಫೀನ್ ತೆಗೆದ ಚಹಾ ಕುಡಿಸಿದರೆ ಆ ಗುಣ ಬಹುಪಾಲು ಹೋಯಿತು, ಕೆಫೀನನ್ನು ಮರಳಿ ಬೆರೆಸಿದರೆ ಗುಣವೂ ಮರಳಿತು. 2011ರಲ್ಲಿ, ಕೆಫೀನ್ ಕಟ್ಟಿಹಾಕುವ ಆ ಪ್ರೋಟೀನಿನ ಕೆಲಸವನ್ನು ವಂಶವಾಹಿಯ ಮೂಲಕವೇ ತಗ್ಗಿಸಿದ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಗಂಟುಗಳು ಮೂರು ವಾರ ತಡವಾಗಿ ಕಾಣಿಸಿಕೊಂಡವು. 19 ವಾರಗಳ ಹೊತ್ತಿಗೆ ಅವುಗಳ ಸಂಖ್ಯೆ ಉಳಿದ ಇಲಿಗಳಿಗಿಂತ ಶೇಕಡಾ 69ರಷ್ಟು ಕಡಿಮೆಯಿತ್ತು.

ಇಲಿಯ ಮಾತಾಯಿತು, ಮನುಷ್ಯರ ಮಾತೇನು? 2012ರಲ್ಲಿ ಬಾಸ್ಟನ್ನಿನ ಸಂಶೋಧಕರು 1,12,897 ಜನರ ಲೆಕ್ಕವನ್ನು ಪ್ರಕಟಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅವರಲ್ಲಿ 22,786 ಮಂದಿಗೆ ಚರ್ಮದ ಒಂದು ಸಾಮಾನ್ಯ ಜಾತಿಯ ಅರ್ಬುದ ತಲೆದೋರಿತ್ತು. ದಿನಕ್ಕೆ ಮೂರು ಬಟ್ಟಲಿಗಿಂತ ಹೆಚ್ಚು ಕಾಫಿ ಕುಡಿಯುವ ಹೆಂಗಸರಲ್ಲಿ ಅದರ ಸಂಭವ ಸುಮಾರು ಐದನೆಯ ಒಂದು ಪಾಲಿನಷ್ಟು ಕಡಿಮೆ, ಗಂಡಸರಲ್ಲಿ ಹತ್ತನೆಯ ಒಂದು ಪಾಲಿನಷ್ಟು. ಕೆಫೀನ್ ತೆಗೆದ ಕಾಫಿಯಲ್ಲಿ ಈ ಗುಣ ಕಾಣಲಿಲ್ಲ. 2015ರಲ್ಲಿ ಇನ್ನೂ ದೊಡ್ಡ ಲೆಕ್ಕ, 4,47,357 ಜನರದು. ದಿನಕ್ಕೆ ನಾಲ್ಕು ಬಟ್ಟಲು ಕುಡಿಯುವವರಲ್ಲಿ ಮೆಲನೋಮ ಎಂಬ ಮಾರಕ ಅರ್ಬುದ ಐದನೆಯ ಒಂದು ಪಾಲು ಕಡಿಮೆಯೆಂದು ಅದು ಹೇಳಿತು. ಆದರೆ 2012ರ ಲೆಕ್ಕದಲ್ಲಿ ಇದೇ ಮೆಲನೋಮಕ್ಕೂ ಕಾಫಿಗೂ ಸಂಬಂಧವೇ ಕಂಡಿರಲಿಲ್ಲ. ಜಪಾನಿನ ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು ಕಾಫಿ ಕುಡಿಯುವವರ ಮುಖದ ಮೇಲೆ ಕಪ್ಪು ಕಲೆಗಳು ಕಡಿಮೆಯೆಂದು ಮತ್ತೊಂದು ವರದಿಯಿದೆ.

ಇವನ್ನೆಲ್ಲ ಓದಿ ಹಿಗ್ಗಿ, ಊರಿಗೆಲ್ಲ ಕಾಫಿ ಕುಡಿಸಲು ಹೊರಡುವ ಮುನ್ನ ಸ್ವಲ್ಪ ನಿಲ್ಲಬೇಕು. ಆ ಎರಡು ದೊಡ್ಡ ಲೆಕ್ಕಗಳೂ ಬಿಳಿಯ ಜನರವು. ಮೊದಲನೆಯದರಲ್ಲಿದ್ದವರು ದಾದಿಯರು, ವೈದ್ಯವೃತ್ತಿಯವರು. ಚಾವಣಿಯ ಕೆಳಗೆ ದುಡಿದು, ರಜೆಯಲ್ಲಿ ಬಿಸಿಲು ಕಾಯಿಸಿಕೊಳ್ಳುವವರು. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಕಂದು ದ್ರವ್ಯ ಮೊದಲೇ ಇದೆ. ಬಿಳಿಯರ ಮೇಲ್ಚರ್ಮದ ಮೂಲಕ ‘ಬಿ’ ಕಿರಣದ ಶೇಕಡಾ 24ರಷ್ಟು ಒಳಗಿಳಿದರೆ, ಕರಿಯರ ಮೇಲ್ಚರ್ಮದ ಮೂಲಕ ಇಳಿಯುವುದು ಶೇಕಡಾ 7.4 ಮಾತ್ರವೆಂದು 1979ರಲ್ಲಿಯೇ ಅಳೆದು ಹೇಳಿದ್ದಾರೆ. ನಾವು ಭಾರತೀಯರು ಇವೆರಡರ ನಡುವಿನ ಹಲವು ಛಾಯೆಗಳವರು. ಚರ್ಮದ ಅರ್ಬುದ ನಮ್ಮಲ್ಲಿ ವಿರಳವಾಗಿರುವುದಕ್ಕೆ ಕಾರಣ ಆ ಕಪ್ಪೇ. ಯಾವ ಕಪ್ಪು ನಮ್ಮನ್ನು ಕಾಯುತ್ತಿದೆಯೋ ಅದನ್ನೇ ತೊಳೆದುಕೊಡುತ್ತೇವೆಂದು ಡಬ್ಬಿಗಳಲ್ಲಿ ಮಾರುವುದೂ, ನಾವು ಕೊಳ್ಳುವುದೂ ಅರ್ಧ ಶತಮಾನದಿಂದ ನಡೆದು ಬಂದಿದೆ. ಇದಕ್ಕೆ ಏನೆನ್ನೋಣ!

ಕೆನ್ನೆಗೆ ಕಾಫಿ ಪುಡಿ ಉಜ್ಜಿಕೊಳ್ಳುವ ಹೊಸ ಗೀಳಿನ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಹುರಿಯುವ ಬೆಂಕಿಯಲ್ಲಿ ಕ್ಲೋರೋಜೆನಿಕ್ ಆಮ್ಲ ಬೀಜದ ಬಣ್ಣ ಕಪ್ಪಾದಷ್ಟೂ ನಾಶವಾಗುತ್ತದೆ. ಕಡುಗಪ್ಪಾಗಿ ಹುರಿದದ್ದರಲ್ಲಿ ಉಳಿಯುವುದು ಅತ್ಯಲ್ಪ. ಉಳಿದದ್ದೂ ನೀರಿನಲ್ಲಿ ಕರಗುವಂಥದು, ಮೊದಲ ಬೆವರಿಗೇ ಹರಿದು ಹೋದೀತು. ಕ್ರೀಮಿನಲ್ಲಿ ಸೇರಿಸಿದ ಕಾಫಿಯ ಸಾರ ಉಳಿದ ತಡೆದ್ರವ್ಯಗಳಿಗೆ ಸಹಾಯಕವಾಗಬಹುದು, ತಾನೊಂದೇ ಕಾವಲಾಗಲಾರದು. ನಮ್ಮ ಅರಿಷಿಣದ ಕತೆಯೂ ಇದೇ. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ಮೈತುಂಬ ಭಂಡಾರ ಬಿದ್ದ ಅಂಗಿಯನ್ನು ಒಗೆದು ಬಿಸಿಲಿಗೆ ಹರವಿ ನೋಡಿ, ಹಳದಿ ತಾನಾಗಿ ಮಾಯವಾಗುತ್ತದೆ. ಬಿಸಿಲಿಗೆ ತಾನೇ ಕರಗುವ ಬಣ್ಣ ನಮಗೆ ಬಹಳ ಹೊತ್ತು ಕೊಡೆ ಹಿಡಿಯಲಾರದು.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಎಲೆಯನ್ನು ಕಾಯುವ ಈ ಫೀನಾಲ್ ದ್ರವ್ಯಗಳಿಗೆ ಕಬ್ಬಿಣವೆಂದರೆ ಬಹಳ ಸ್ನೇಹ, ಕಂಡಲ್ಲಿ ಅಪ್ಪಿಕೊಂಡುಬಿಡುತ್ತವೆ. ಊಟದ ಜೊತೆ ಕಾಫಿ ಕುಡಿದರೆ ಅನ್ನದೊಳಗಿನ ಕಬ್ಬಿಣ ರಕ್ತಕ್ಕೆ ಸೇರದೆ ಹೊರಟುಹೋಗುತ್ತದೆ. 1983ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಊಟದೊಡನೆ ಕುಡಿದ ಒಂದು ಬಟ್ಟಲು ಕಾಫಿ ಕಬ್ಬಿಣದ ಹೀರಿಕೆಯನ್ನು ಶೇಕಡಾ 39ರಷ್ಟು ತಗ್ಗಿಸಿತು. ಚಹಾ ಇನ್ನೂ ಪ್ರಬಲ, ಶೇಕಡಾ 64. ಊಟವಾದ ಒಂದು ಗಂಟೆಯ ಮೇಲೆ ಕುಡಿದರೂ ಕಾಫಿಯ ಬಾಧೆ ಅಷ್ಟೇ ಇತ್ತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಮಾತ್ರ ಬಾಧೆ ಇರಲಿಲ್ಲ. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮ ಹೊಲಗಳಲ್ಲಿ ರೊಟ್ಟಿ ಕಟ್ಟು ಬಿಚ್ಚಿದ ಕೂಡಲೆ ಬೆನ್ನಿಗೇ ಚಹಾದ ಕೆಟಲಿ ಬರುತ್ತದೆ. ಕೆನ್ನೆಯ ಬಂಗು ಹೋಗಲೆಂದು ಅದರ ಮೇಲೆ ಎರಡು ಬಟ್ಟಲು ಕಾಫಿಯನ್ನೂ ಸೇರಿಸಿದರೆ, ಚರ್ಮಕ್ಕೆ ಏನು ಲಾಭವೋ ತಿಳಿಯದು, ರಕ್ತಕ್ಕೆ ನಷ್ಟವಂತೂ ನಿಶ್ಚಯ. ನನ್ನನ್ನು ಕೇಳಿದ ಹೆಣ್ಣುಮಗಳಿಗೆ ನಾನು ಹೇಳಿದ ಉತ್ತರದಲ್ಲಿ ಇದೇ ಮೊದಲನೆಯದು. ಚಹಾ ಬಿಡಬೇಡವ್ವ, ರೊಟ್ಟಿಗಿಂತ ಒಂದು ತಾಸು ಮೊದಲೇ ಕುಡಿ. ಕೆಫೀನು ಅದರಲ್ಲಿಯೂ ಇದೆ.

ಎರಡನೆಯದು ಹೇಳುವುದು ಇಷ್ಟು ಸುಲಭವಾಗಿರಲಿಲ್ಲ.

ಬೆಳಗಾವಿ ಜಿಲ್ಲೆಯ ನಮ್ಮ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲ ವಾರ ಸೂರ್ಯ ನಡುನೆತ್ತಿಯ ಮೇಲೆ ನಿಲ್ಲುತ್ತಾನೆ. ನಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದಷ್ಟು ಹೊತ್ತೂ ಅತಿನೇರಳೆ ಬಲವಾಗಿದೆಯೆಂದು ತಿಳಿಯಬೇಕು. ಚರ್ಮದಂತೆ ಕಣ್ಣಿಗೂ ಅದರ ಬಾಧೆಯುಂಟು. ಮೋತಿಬಿಂದುವಿನ ಕಾರಣಗಳಲ್ಲಿ ‘ಬಿ’ ಕಿರಣವೂ ಒಂದು. ಒತ್ತಾಗಿ ನೇಯ್ದ ಬಟ್ಟೆ ಯಾವ ಕ್ರೀಮಿಗಿಂತಲೂ ಒಳ್ಳೆಯ ಕಾವಲು. ಗಾಢ ಬಣ್ಣದ್ದಾದರೆ ಇನ್ನೂ ಒಳ್ಳೆಯದು, ಬೆವರಿಗೆ ತೊಯ್ದು ತೆಳ್ಳಗಾದರೆ ಅದರ ಶಕ್ತಿ ಕುಂದುತ್ತದೆ. ನಮ್ಮ ಹಿರಿಯರ ಹತ್ತು ಸುತ್ತಿನ ರುಮಾಲೂ ಹೆಣ್ಣುಮಕ್ಕಳು ತಲೆಯ ಮೇಲೆ ಹೊದೆಯುವ ದಪ್ಪ ಇಳಕಲ್ಲಿನ ಸೆರಗೂ ಈ ದೃಷ್ಟಿಯಿಂದ ಬಹು ವಿವೇಕದವು. ಈಗಿನ ತೆಳು ಪಾಲಿಯೆಸ್ಟರಿನ ಸೀರೆ ಅಗ್ಗವಾಗಿದೆ, ಸೆರಗಿನ ಮರೆಯೂ ಅಷ್ಟೇ ತೆಳುವಾಗಿದೆ.

ಆದರೆ ನೆರಳು? ಕಾಫಿ ಬಿಡಿಸುವ ಹೆಣ್ಣುಮಗಳಿಗೆ ಬೇರೆ ಕಷ್ಟಗಳಿವೆ: ಜಿಗಣೆ, ಜಾರುವ ಇಳಿಜಾರು, ಮಳೆ, ಕೂಲಿಯ ಲೆಕ್ಕ. ಆದರೆ ಗಿಡಕ್ಕಾಗಿ ಕಟ್ಟಿದ ನೆರಳಿನಲ್ಲಿ ಅವಳೂ ನಿಂತಿರುತ್ತಾಳೆ. ಗಿಡ ಬಿಸಿಲಿಗೆ ಅಂಜುವುದರಿಂದ ಅವಳಿಗೂ ನೆರಳಿನ ಪಾಲು ದೊರೆಯಿತು. ಕಬ್ಬು ಹಾಗಲ್ಲ, ಅದು ಬಿಸಿಲನ್ನು ಕುಡಿದು ಸಕ್ಕರೆ ಮಾಡುವ ಹುಲ್ಲು. ಮರದ ನೆರಳು ಬಿದ್ದಲ್ಲಿ ಎರಡು ಸಾಲು ಕುಂದುತ್ತದೆ. ಏತ ನೀರಾವರಿ ಬಂದು ಬಾಂದುಬಾಂದಿನವರೆಗೆ ಕಬ್ಬು ನಿಂತ ಮೇಲೆ ನಮ್ಮ ಸೀಮೆಯ ಬೇವು, ಜಾಲಿ, ಮಾವುಗಳು ಒಂದೊಂದಾಗಿ ಕೊಡಲಿಗೆ ಬಿದ್ದವು. ಕಡಿದವರನ್ನು ನಾನು ದೂರಲಾರೆ. ಎರಡು ಎಕರೆಯ ಒಕ್ಕಲಿಗನಿಗೆ ಆ ಎರಡು ಸಾಲೂ ಲೆಕ್ಕವೇ. ಆದರೆ ಅದರ ಫಲವೇನಾಯಿತೆಂದರೆ, ಇಂದು ಕಬ್ಬು ಕಡಿಯುವ ಗ್ಯಾಂಗಿನವರು ನಡುಹಗಲಿನಲ್ಲಿ ಬುತ್ತಿ ಬಿಚ್ಚುವುದು ಟ್ರ್ಯಾಕ್ಟರಿನ ಟ್ರಾಲಿಯ ಅಡಿಯಲ್ಲಿ. ಬೀಡ ಜಿಲ್ಲೆಯ ಕಡೆಯಿಂದ ಹಂಗಾಮಿಗೆ ಬಂದ ಬಾಣಂತಿ ಕೂಸನ್ನು ರವದಿಯ ಮೇಲೆ ಮಲಗಿಸಿ, ಎರಡು ಕಬ್ಬಿನ ಮೇಲೆ ಹರಕು ಸೀರೆ ಇಳಿಬಿಟ್ಟು ನೆರಳು ಮಾಡಿರುವುದನ್ನು ನಾನು ಕಂಡಿದ್ದೇನೆ. ಸೂರ್ಯ ಸರಿದಂತೆ ಅವಳು ಕೊಯ್ತಾ ಇಟ್ಟು ಬಂದು ಸೀರೆಯನ್ನು ಸರಿಸಿ ಹೋಗುತ್ತಿದ್ದಳು. ಒಂದು ತಾಸಿನಲ್ಲಿ ಮೂರು ಸಲ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕಾಫಿ ಹಣ್ಣಿನ ತಿರುಳು, ಸಿಪ್ಪೆಗಳಿಂದ ಈ ಫೀನಾಲ್ ದ್ರವ್ಯಗಳನ್ನು ಹಿಂಡಿ ತೆಗೆಯುವ ಪ್ರಯೋಗಗಳು ನಡೆದಿವೆ. ಒಂದು ಕಿಲೋ ಬೀಜಕ್ಕೆ ಸುಮಾರು ಆರು ಕಿಲೋ ಹಣ್ಣು ಬೇಕು; ಉಳಿದದ್ದೆಲ್ಲ ಕಸ, ಹಳ್ಳದ ನೀರನ್ನು ಕೆಡಿಸುವ ಕಸ. ಅದರಿಂದ ಅಗ್ಗದ ಲೇಪವೊಂದು ಹೊರಟು, ದುಬಾರಿ ಸೀಸೆಯ ರೂಪದಲ್ಲಲ್ಲದೆ ಆರೋಗ್ಯ ಕೇಂದ್ರದ ಕಪಾಟಿನಿಂದ ಹೊಲದ ಕೂಲಿಯವರ ಕೈಗೆ ಬರುವುದಾದರೆ ನಾನೇ ಮೊದಲು ಕೊಂಡಾಡುವೆನು. ಅಲ್ಲಿಯವರೆಗೆ ನಮ್ಮ ಕಡೆ ಆಗಬಹುದಾದ ಕೆಲಸ ಸಣ್ಣದು. ಕಾರ್ಖಾನೆಗಳು ಕಟಾವಿನ ಗ್ಯಾಂಗಿಗೆ ಮುಂಗಡ ಕೊಡುವಾಗ, ಅದರ ಜೊತೆಗೆ ನಾಲ್ಕು ಬಿದಿರು ಗಳು, ಒಂದು ದಪ್ಪ ತಾಡಪತ್ರಿ, ಎರಡು ಕೊಡ ನೀರಿನ ಏರ್ಪಾಡನ್ನೂ ಒಪ್ಪಂದದಲ್ಲಿ ಬರೆಯಿಸಬೇಕು. ಕಟಾವಿನ ವೇಳೆಯನ್ನು ನಸುಕಿಗೂ ಸಂಜೆಗೂ ಹಂಚಿ, ಹನ್ನೆರಡರಿಂದ ಮೂರರವರೆಗೆ ಬಿಡುವು ಇಡಬೇಕು. ಹೊಲದ ಬಡಗಣ ಬಾಂದಿನ ಮೇಲೆ ಬೇವು ನಟ್ಟರೆ, ಚಳಿಗಾಲದಲ್ಲಿ ಅದರ ನೆರಳು ಬೀಳುವುದು ತನ್ನ ಕಬ್ಬಿನ ಮೇಲಲ್ಲ, ಆಚೆಯ ದಾರಿಯ ಮೇಲೆ. ಬಡಗಣಕ್ಕೆ ದಾರಿಯಿರುವ ರೈತರಿಗೆ ಇದರಿಂದ ನಷ್ಟವಿಲ್ಲ. ನಮ್ಮೂರಿನ ಇಬ್ಬರು ಒಪ್ಪಿದ್ದಾರೆ. ಮೂರನೆಯವರು, ಬಡಗಣದಲ್ಲಿ ದಾರಿಯಿಲ್ಲ, ತಮ್ಮನ ಹೊಲವಿದೆ, ಅವನನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.